ಅಕ್ಕನ ರೆಪ್ಪೆಗೂದಲು

ನಮ್ಮೂರು ನೆಲೋಗಿಯಲ್ಲಿ ನನ್ನ ಅಕ್ಕ ಬಾಲವಾಡಿಯ ಟೀಚರಾಗಿದ್ದಳು. ಎಂಬತ್ತರ ದಶಕದ ಮೊದಲ ವರ್ಷಗಳವು. ಆಕೆಯ ಕಣ್ಣುಗಳನ್ನು ಊರೇ ಹೊಗಳುತ್ತಿತ್ತು. ಒಂದು ಬೇಸಿಗೆಯಲ್ಲಿ ರೆಪ್ಪೆಗಳ ಅಂಚು ಕೆಂಪಾಗಿ, ಹೊಟ್ಟು ಕಟ್ಟಿ, ಕೂದಲು ಒಂದೊಂದೇ ಉದುರತೊಡಗಿದವು. ಮಳೆಗಾಲದ ಹೊತ್ತಿಗೆ ಎರಡೂ ಕಣ್ಣು ಬೋಳಾಗಿದ್ದವು. ಮಕ್ಕಳು ಟೀಚರ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದರು.

ಅವ್ವ ಔಡಲೆಣ್ಣೆ ಹಚ್ಚಿದಳು. ಸೋದರತ್ತೆ ದೀಪದ ಮಸಿಯಿಂದ ಕಾಡಿಗೆ ಮಾಡಿಕೊಟ್ಟಳು. ಕಾಡಿಗೆ ಹಚ್ಚಿದಷ್ಟೂ ಉರಿ ಹೆಚ್ಚಾಯಿತು. ಕೊನೆಗೆ ಅಕ್ಕ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಜೇವರ್ಗಿಯ ದವಾಖಾನೆಗೆ ಹೋದಳು.

ಅಲ್ಲಿಯ ಲೇಡಿ ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕೂದಲು ಬೆಳೆಸುವ ಔಷಧಿ ತಮ್ಮ ಬಳಿ ಇಲ್ಲವೆಂದೂ, ರೆಪ್ಪೆಯ ಬೇನೆ ವಾಸಿಯಾದರೆ ಕೂದಲು ತಾವಾಗಿಯೇ ಬರಬಹುದೆಂದೂ ಹೇಳಿದರು. ಒಂದು ಮುಲಾಮು ಬರೆದುಕೊಟ್ಟರು. ದಿನಾ ಎರಡು ಹೊತ್ತು ಬಿಸಿನೀರಿನಲ್ಲಿ ಅದ್ದಿದ ಅರಿವೆಯಿಂದ ಶಾಖ ಕೊಡಬೇಕು, ಕಾಡಿಗೆಯನ್ನು ಮುಟ್ಟಲೇಬಾರದು ಎಂದರು. ಅಕ್ಕ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ನಾನಾಗಿದ್ದರೆ ವಾರಕ್ಕೇ ಬೇಸತ್ತು ಬಿಡುತ್ತಿದ್ದೆ.

ಅಷ್ಟರಲ್ಲಿ ಅಫಜಲಪುರದ ಕಡೆಯವರು ಅಕ್ಕನನ್ನು ಹೆಣ್ಣು ನೋಡಲು ಬಂದರು. ಅಂದು ಬೆಳಿಗ್ಗೆ ಸೋದರತ್ತೆ ಹಟ ಹಿಡಿದು ಅಕ್ಕನ ಕಣ್ಣಿಗೆ ದಪ್ಪಗೆ ಕಾಡಿಗೆ ತೀಡಿದಳು. ಅಕ್ಕ ಹಿತ್ತಿಲಿಗೆ ಹೋಗಿ ತೊಳೆದುಕೊಂಡು ಬಂದಳು. ಚಹಾ ಕೊಟ್ಟು, ಹುಡುಗನ ತಾಯಿಯ ಎದುರಿಗೆ ಕುಳಿತು ತಾನೇ ಮಾತು ತೆಗೆದಳು.

"ನನ್ನ ರೆಪ್ಪಿಗೆ ಕೂದಲಿಲ್ರಿ. ಬೇನಿ ಆಗ್ಯಾದ, ದವಾಖಾನಿ ಮುಲಾಮು ಹಚ್ಚಾಕತ್ತೇನಿ. ತಿರುಗಿ ಬರ್ತಾವೋ ಇಲ್ಲೋ ಗೊತ್ತಿಲ್ರಿ."

ಅಪ್ಪ ತಲೆ ತಗ್ಗಿಸಿದ. ಆ ತಾಯಿ ಎದ್ದು ಬಂದು ಅಕ್ಕನ ಪಕ್ಕ ಕುಳಿತು, ಕಣ್ಣು ಮರೆಯಾಗುವಂತೆ ಎಳೆದುಕೊಂಡಿದ್ದ ತಲೆಯ ಮೇಲಿನ ಸೆರಗನ್ನು ಹಿಂದೆ ಸರಿಸಿದರು. ಅವರ ರೆಪ್ಪೆಗಳೂ ಕೆಂಪಗೆ, ಬೋಳಾಗಿದ್ದವು.

"ನನಗೂ ಹಿಂಗೇ ಆಗಿ ನಾಕು ವರ್ಷ ಆತವ್ವ. ಯಾರಿಗೂ ತೋರಿಸಿಲ್ಲ," ಎಂದರು.

ಸಂಬಂಧ ಕೂಡಲಿಲ್ಲ. ಅಕ್ಕ ನೌಕರಿ ಬಿಡಬೇಕೆಂದು ಹುಡುಗ ಹೇಳಿದ, ಅವಳು ಒಪ್ಪಲಿಲ್ಲ. ಆದರೆ ಮರುವಾರವೇ ಅವನ ತಾಯಿ ಒಬ್ಬರೇ ನಮ್ಮೂರಿನಲ್ಲಿ ಬಸ್ಸಿಳಿದರು. ಅಕ್ಕ ರಜೆ ಹಾಕಿ ಅವರನ್ನು ಜೇವರ್ಗಿಗೆ ಕರೆದೊಯ್ದು, ಡಾಕ್ಟರ ಮುಂದೆ ಕೂರಿಸಿ, ಮುಲಾಮು ಹಚ್ಚುವ ರೀತಿಯನ್ನು ತಾನೇ ತೋರಿಸಿಕೊಟ್ಟಳು. ಸಂಬಂಧ ಕೂಡದ ಮನೆಯವರಿಗೆ ಇಷ್ಟೆಲ್ಲ ಏಕೆಂದು ಅವ್ವ ಗೊಣಗಿದಳು. "ಆ ತಾಯಿ ನಾಕು ವರ್ಷ ಉರಿ ತಿಂದಾರ," ಎಂದಳು ಅಕ್ಕ.

ಅಕ್ಕನ ಕೂದಲು ಚಳಿಗಾಲದಲ್ಲಿ ಬರತೊಡಗಿದವು, ಮೊದಲು ಬಲಗಣ್ಣಿಗೆ. ಎಡಗಣ್ಣಿನ ತುದಿಯಲ್ಲಿ ಸ್ವಲ್ಪ ಜಾಗ ಕೊನೆಯವರೆಗೂ ಖಾಲಿಯೇ ಉಳಿಯಿತು. ಎರಡು ವರ್ಷದ ಮೇಲೆ ಮಣ್ಣೂರಿನ ಒಬ್ಬ ಮಾಸ್ತರರನ್ನು ಮದುವೆಯಾಗಿ, ಅಲ್ಲಿಯ ಬಾಲವಾಡಿಗೆ ವರ್ಗ ಮಾಡಿಸಿಕೊಂಡು ಹೋದಳು.