ನಾಲ್ಕು ಕಪ್ಪು ಬಿದ್ದರೆ

ಈ ಬೆಳಿಗ್ಗೆ ಹೊಸ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಆ ಹುಳಿ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಬೀಜಗಣಿತ ನೆನಪಾಗುತ್ತದೆ. ನಗಬೇಡಿ. ಶಿವಮೊಗ್ಗದ ಹುಡುಗಿಯರಿಗೆ ದಿನವೂ ಲೆಕ್ಕ ಹೇಳಿಕೊಡುವ ನನ್ನಂಥವಳ ತಲೆ ಓಡುವುದೇ ಹೀಗೆ.

ನನ್ನ ಅಕ್ಕ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಾಗ ಅವಳಿಗೆ ಹದಿನೆಂಟೂ ತುಂಬಿರಲಿಲ್ಲ. ನಾನಿನ್ನೂ ಲಂಗ ತೊಡುವ ಹುಡುಗಿ. ಭದ್ರಾವತಿಯಿಂದ ಅವಳ ಮಾವ ಬಂದು, "ನಮ್ಮನೇಲಿ ಬೇಯಿಸಿ ಹಾಕೋರಿಲ್ಲ, ಸೊಸೇನ ಕಳಿಸ್ಕೊಡಿ" ಎಂದು ಜಗಲಿಯಲ್ಲಿ ಕೂತುಬಿಟ್ಟರು. ಅಪ್ಪ ಅಕ್ಕನ ಮುಖ ನೋಡಿದರು. "ಟೀಚರ್ ಟ್ರೈನಿಂಗಿಗೆ ಸೇರ್ಸೋಣ ಅಂತಿದೀವಿ. ಸೀಟು ಸಿಗ್ಲಿಲ್ಲ ಅಂದ್ರೆ ನಾನೇ ಕರ್ಕೊಂಡ್ ಬರ್ತೀನಿ" ಎಂದು ಮಾತು ಕೊಟ್ಟರು. ಅಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ. ಊರೆಲ್ಲ ಹೊಗಳುತ್ತಿದ್ದ ಆ ಗುಣ ನನಗೆ ಇಂದಿಗೂ ಸೇರುವುದಿಲ್ಲ.

ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಚಿಕ್ಕಪ್ಪ ಭಾನುವಾರದ ರೈಲಿಗೆ ಬಂದು ಅಕ್ಕನಿಗೆ ಲೆಕ್ಕ ಹೇಳಿಕೊಡತೊಡಗಿದರು. ಸೊನ್ನೆಗಿಂತ ಕಡಿಮೆ ಏನಿರುತ್ತದೆ ಎಂಬುದು ಅವಳ ತಲೆಗೆ ಹತ್ತಲೇ ಇಲ್ಲ.

"ಏನೂ ಇಲ್ದಿದ್ಮೇಲೆ ಇನ್ನೂ ಏನು ಕಳ್ಕೊಳೋದು ಚಿಕ್ಕಪ್ಪ?" ಎಂದಳು.

ಚಿಕ್ಕಪ್ಪ ಎದ್ದು ಹೋಗಿ ನಾವು ಚೌಕಾಬಾರ ಆಡುವ ಹುಣಸೆಬೀಜಗಳನ್ನು ತಂದು ನೆಲಕ್ಕೆ ಸುರಿದರು. ಒಂದು ಮೈಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ, ಇನ್ನೊಂದನ್ನು ಕಪ್ಪಗೇ ಬಿಟ್ಟ ಬೀಜಗಳು. ಬಿಳಿ ಧನ, ಕಪ್ಪು ಋಣ. ಒಂದು ಬಿಳಿ, ಒಂದು ಕಪ್ಪು ಎದುರಾದರೆ ಎರಡನ್ನೂ ಎತ್ತಿಬಿಡು, ಉಳಿದದ್ದೇ ಉತ್ತರ. ಐದು ಬಿಳಿಗೆ ಮೂರು ಕಪ್ಪು ಕೂಡಿಸಿದಾಗ ಎರಡು ಬಿಳಿ ಉಳಿದವು. ಗಂಡ ಸತ್ತ ಮೇಲೆ ಅಕ್ಕ ನಕ್ಕದ್ದು ಅದೇ ಮೊದಲು.

ಟ್ರೈನಿಂಗ್ ಸೀಟಿನ ಬಾಯಿಪರೀಕ್ಷೆಯ ದಿನ ನಾನೂ ಜೊತೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಪದ್ಯವನ್ನು ಅಕ್ಕ ಸೊಗಸಾಗಿ ಓದಿದಳು. ಆಮೇಲೆ ಪೇಟ ಸುತ್ತಿದ್ದ ಸಾಹೇಬರೊಬ್ಬರು, "ಋಣ ಮೂರಕ್ಕೆ ಋಣ ಒಂದು ಕೂಡಿಸಿದ್ರೆ ಎಷ್ಟಮ್ಮ?" ಎಂದರು. ಅಕ್ಕ ಕಣ್ಣು ಮುಚ್ಚಿದಳು. ಮೂರು ಕಪ್ಪು, ಮತ್ತೊಂದು ಕಪ್ಪು. ಚೌಕಾಬಾರ ಆಡಿದವರಿಗೆ ಗೊತ್ತು, ನಾಲ್ಕೂ ಬೀಜ ಕಪ್ಪಗೆ ಬಿದ್ದರೆ ಎಂಟು ಮನೆ ನಡೆಸಬಹುದು. ಅದಕ್ಕಿಂತ ದೊಡ್ಡ ಗರ ಇಲ್ಲ. "ಎಂಟು!" ಎಂದಳು, ಆಟ ಗೆದ್ದವಳ ದನಿಯಲ್ಲಿ. ಒಳಗಿದ್ದವರೆಲ್ಲ ನಕ್ಕರು. ಮೆಟ್ಟಿಲಿಳಿಯುವಾಗಲೇ ನನ್ನ ಕೈ ಹಿಡಿದು, "ಅಯ್ಯೋ, ಋಣ ನಾಲ್ಕು ಕಣೇ" ಎಂದಳು. ಸೀಟು ಸಿಗಲಿಲ್ಲ. ಅಪ್ಪ ಅವಳನ್ನು ಭದ್ರಾವತಿಗೆ ಬಿಟ್ಟುಬಂದರು. ಎಷ್ಟೋ ವರ್ಷ ಇದರಲ್ಲೊಂದು ಸಮಾಧಾನ ಹುಡುಕಿದ್ದೇನೆ, ಸಿಕ್ಕಿಲ್ಲ.

ನಿನ್ನೆ ಅವಳನ್ನು ನೋಡಲು ಹೋಗಿದ್ದೆ. ಒಲೆಯ ಮುಂದಿದ್ದಳು.

"ಮಕ್ಕಳು ಲೆಕ್ಕ ತಪ್ಪಿದ್ರೆ ಏನ್ ಮಾಡ್ತೀಯೇ?"

"ಅಳ್ಸಿ ಇನ್ನೊಂದ್ಸಲ ಮಾಡಿ ಅಂತೀನಿ."

"ಇನ್ನೊಂದ್ಸಲ ಮಾಡಕ್ಕೆ ಬಿಡ್ತೀರಾ?" ಅಕ್ಕ ನನ್ನನ್ನೇ ನೋಡಿದಳು. "ಒಳ್ಳೇದಾಯ್ತು ಬಿಡು ಮಾರಾಯ್ತಿ."

ನಡುಮನೆಯಿಂದ ಅವಳ ಮಾವ ಸಾರು ಕೇಳಿದರು. ಎದ್ದು ಹೋದಳು.

ನಾಳೆ ಸ್ಕೂಲಿದೆ. ಯಾವಳಾದರೂ ಒಬ್ಬಳು ತಪ್ಪು ಮಾಡಿಯೇ ಮಾಡುತ್ತಾಳೆ. ಇಷ್ಟು ದಿನ ಸಲೀಸಾಗಿ ಆಡುತ್ತಿದ್ದ 'ಇನ್ನೊಂದ್ಸಲ ಮಾಡಿ' ಎಂಬ ಮಾತು ಇನ್ನು ನನ್ನ ಬಾಯಿಂದ ಹೊರಡುವುದು ಕಷ್ಟ.