ಮೈಯಲ್ಲೋ, ಮೈಲಿಯಲ್ಲೋ

ನನ್ನ ಎಡಗೈಯ ಮಣಿಕಟ್ಟು ಪ್ರತಿದಿನ ಬೆಳಿಗ್ಗೆ ನಾಲ್ಕು ಬಾರಿ ಗುರ್ ಎನ್ನುತ್ತದೆ. ಗುರ್ ಎನ್ನುವುದು ಮಣಿಕಟ್ಟಲ್ಲ, ಅಲ್ಲಿ ಕಟ್ಟಿಕೊಂಡ ಗಡಿಯಾರ ಎಂದು ತಿದ್ದಲು ಹೊರಟ ಓದುಗರಿಗೆ ನನ್ನ ನಮಸ್ಕಾರ. ಹಳೇಬೀಡಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತ, ಮಕ್ಕಳ ಇಂಥ ಸಡಿಲ ಮಾತುಗಳಿಗೆಲ್ಲ ಕೆಂಪು ಶಾಯಿಯ ಅಭಿಷೇಕ ಮಾಡುತ್ತಲೇ ನಿವೃತ್ತನಾದವನು ನಾನು. ಓಟಗಾರರಿಗೆಂದು ತಯಾರಾದ ಈ ಗಡಿಯಾರ ಆಕಾಶದ ಉಪಗ್ರಹಗಳನ್ನು ವಿಚಾರಿಸಿಕೊಂಡು, ನಾನು ಒಂದೊಂದು ಕಿಲೋಮೀಟರು ಮುಗಿಸಿದಾಗಲೂ ಗುರ್ ಎಂದು, ಅದಕ್ಕೆ ಹಿಡಿದ ಸಮಯವನ್ನು ದಪ್ಪ ಅಂಕಿಗಳಲ್ಲಿ ತೋರಿಸುತ್ತದೆ. ಹಾಗೆ ಮುಗಿಯುವ ಒಂದೊಂದು ತುಂಡಿಗೆ ಅದರ ಪರಿಭಾಷೆಯಲ್ಲಿ ಲ್ಯಾಪ್ ಎಂದು ಹೆಸರು.

ಓಡುವ ಜಾಯಮಾನ ನನ್ನದಲ್ಲ. ಕಳೆದ ವರ್ಷ ಹಾಸನದ ಆಸ್ಪತ್ರೆಯೊಂದರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಹೊರಟಾಗ ಡಾಕ್ಟರು, ‘ದಿನಾ ನಡೀರಿ ಮೇಷ್ಟ್ರೇ. ಆದ್ರೆ ಕಾರಣವಿಲ್ಲದೆ ನಡಿಗೆ ನಿಧಾನ ಆಯ್ತು, ಉಸಿರು ಕಟ್ತು ಅಂದ್ರೆ ಮಾತ್ರ ತಕ್ಷಣ ಬಂದುಬಿಡಿ’ ಎಂದಿದ್ದರು. ಆ ವಾಕ್ಯದ ಪೂರ್ವಾರ್ಧಕ್ಕೆ ಕಾಲೂ ಉತ್ತರಾರ್ಧಕ್ಕೆ ಗಡಿಯಾರವೂ ಬೇಕಾದವು. ಹುಲಿಕೆರೆ ರಸ್ತೆಯಲ್ಲಿ ಹೋಗುತ್ತ ಎರಡು, ಬರುತ್ತ ಎರಡು, ಲ್ಯಾಪಿಗೆ ಹನ್ನೆರಡು ನಿಮಿಷ: ಇದು ನನ್ನ ನಿತ್ಯವಿಧಿ. ಓದುವ ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಹೋಗುವುದರಿಂದ ಗಡಿಯಾರದ ಸಣ್ಣಕ್ಷರಗಳೊಂದೂ ಕಾಣುವುದಿಲ್ಲ, ಲ್ಯಾಪಿನ ದಪ್ಪ ಅಂಕಿಯೊಂದೇ ಕಾಣುತ್ತದೆ. ಅದು ಹನ್ನೆರಡು ಎಂದರೆ ನಾನು ಆ ದಿನದ ಮಟ್ಟಿಗೆ ಬದುಕಿದ್ದೇನೆ.

ಹೀಗಿರಲು ಅತ್ತೆಯವರಿಗೆ ಕಣ್ಣಿನ ಪೊರೆಯ ಆಪರೇಷನ್ನಾಗಿ, ಹೊತ್ತುಹೊತ್ತಿಗೆ ಔಷಧದ ಹನಿ ಹಾಕಲು ನನ್ನ ಹೆಂಡತಿ ಸರೋಜ ಅರಸೀಕೆರೆಯ ತವರಿಗೆ ಹೊರಟಳು. ಒಂದು ವಾರದ ಮಟ್ಟಿಗೆ ಬಾಲದಂತೆ ನಾನೂ ಹೊರಟೆ. ಹೋದ ದಿನವೇ ಗಡಿಯಾರ ಮುನಿದು ಕಲ್ಲಾಯಿತು. ಭಾವಮೈದನ ಮಗಳು ಸಿಂಧು, ಬಿಎಸ್ಸಿ ಓದುವ ಜಾಣೆ, ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಎಬ್ಬಿಸಿ, ನನ್ನ ವಯಸ್ಸು, ತೂಕಗಳನ್ನೆಲ್ಲ ಕೇಳಿ ಕೇಳಿ ತುಂಬಿದಳು. ‘ಮಾವ, ಲ್ಯಾಪ್ ಎಷ್ಟಕ್ಕೆ ಇಡ್ಲಿ?’ ಎಂದಳು. ಅಷ್ಟರಲ್ಲಿ ಅತ್ತೆಯವರು ಒಳಗಿನಿಂದ, ಅಳಿಯಂದಿರು ದಿನಾ ಎಷ್ಟು ಮೈಲಿ ನಡೀತಾರೆ ಎಂದು ವಿಚಾರಿಸುತ್ತಿದ್ದರು. ನಾಲ್ಕು ಮೈಲಿ ಎಂದು ಅವರಿಗೂ, ಮೈಲಿಗೊಂದು ಸಲ ಇಡಮ್ಮ ಎಂದು ಇವಳಿಗೂ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟು ಕಾಫಿಗೆ ಕೈಚಾಚಿದೆ.

ಮರುದಿನ ಬೆಳಿಗ್ಗೆ ಮಾಲೇಕಲ್ಲಿನ ಕಡೆಯ ರಸ್ತೆ ಹಿಡಿದೆ. ತೆಂಗಿನ ತೋಟಗಳು, ತಣ್ಣನೆ ಗಾಳಿ, ಹಿಂದೆಲ್ಲೋ ರೈಲಿನ ಕೂಗು. ಗಡಿಯಾರ ಮಾತ್ರ ಸುಮ್ಮನಿತ್ತು. ಕೊನೆಗೂ ಗುರ್ ಎಂದಾಗ ನೋಡಿದರೆ ಹತ್ತೊಂಬತ್ತು ನಿಮಿಷ.

ಓದುಗ ಮಹಾಶಯರೇ, ಭಯ ಎಂಬುದು ಎದೆಯಲ್ಲಿ ಹುಟ್ಟುತ್ತದೆಂದು ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಅದು ತಪ್ಪು. ನನಗೆ ಅದು ಮೊದಲು ಮೊಣಕಾಲಿಗೆ ಬಂತು, ಆಮೇಲೆ ನಾಲಿಗೆಗೆ, ಕೊನೆಗೆ ಎದೆಗೆ. ಹೊಸ ಊರಿನ ಹೊಸ ರಸ್ತೆ, ಪರಿಚಿತವಾದ ಮರವಿಲ್ಲ, ಮೋರಿಯಿಲ್ಲ. ಎಷ್ಟು ದೂರ ಬಂದೆನೆಂದು ಹೇಳುವವರೇ ಇಲ್ಲ. ಎರಡನೆಯ ಲ್ಯಾಪೂ ಹತ್ತೊಂಬತ್ತು. ನಾಲ್ಕನೆಯದರ ಹೊತ್ತಿಗೆ ಉಸಿರು ನಿಜಕ್ಕೂ ಏರಿ, ಮೀನಖಂಡಗಳು ಕಲ್ಲುಗಟ್ಟಿದ್ದವು. ಡಾಕ್ಟರು ಹೇಳಿದ್ದ ಎರಡು ಲಕ್ಷಣಗಳೂ ಒಟ್ಟಿಗೆ ಬಂದಿದ್ದವು. ಮಾರನೆಯ ದಿನ ಬಿರಬಿರನೆ ನಡೆದು ನೋಡಿದೆ, ಹದಿನೆಂಟೂವರೆಗೆ ಇಳಿಯಿತು. ಎದೆ ಮಾತ್ರ ಒನಕೆಯ ಹಾಗೆ ಕುಟ್ಟಿಕೊಂಡಿತು.

ಮೊದಲು ಉಪಗ್ರಹಗಳನ್ನು ಶಂಕಿಸಿದೆ. ಮರದ ನೆರಳು ಅಡ್ಡ ಬಂದೀತೆಂದು ಬಯಲಿನಲ್ಲಿ ನಿಂತು ಎಡಗೈಯನ್ನು ಆಕಾಶಕ್ಕೆತ್ತಿ ಹಿಡಿದೆ. ತೋಟಕ್ಕೆ ಹೊರಟಿದ್ದವನೊಬ್ಬ ಜತೆಯವನಿಗೆ, ‘ಮೋಡ ಐತೇನೋ ನೋಡ್ತಾವ್ರೆ ಕಣ್ಲಾ’ ಎಂದ. ಉಪಗ್ರಹ ಸಿಕ್ಕಿದೆ ಎಂಬ ಹಸಿರು ಚುಕ್ಕಿಯನ್ನು ಗಡಿಯಾರ ಕೂಡಲೇ ತೋರಿಸಿತು. ಬ್ಯಾಟರಿ ತುಂಬಿತ್ತು, ಪಟ್ಟಿ ಬಿಗಿಯಾಗಿತ್ತು. ಯಂತ್ರದಲ್ಲಿ ಏನೂ ದೋಷವಿಲ್ಲವೆಂದಾದ ಮೇಲೆ ದೋಷಕ್ಕೆ ಉಳಿದದ್ದು ನಾನೊಬ್ಬನೇ.

ಹಾಸನಕ್ಕೆ ಯಾಕೆ ಹೋಗಲಿಲ್ಲವೆಂದು ನೀವು ಕೇಳಬಹುದು. ಹೆದರಿಕೆ, ಬೇರೇನಲ್ಲ. ಹೋದರೆ ಹೌದು ಎಂದುಬಿಟ್ಟಾರು. ಹೋಗದಿದ್ದರೆ ಏನೂ ಇರಲಿಕ್ಕಿಲ್ಲ ಎನ್ನುವ ಆಸೆಯ ಒಂದು ಎಳೆ ಇನ್ನೂ ಉಳಿದಿರುತ್ತದೆ. ಸರೋಜಳಿಗಂತೂ ಹೇಳುವಂತಿರಲಿಲ್ಲ. ಅವಳು ಆಗಲೇ ಅನ್ಯಮನಸ್ಕಳಾಗಿದ್ದಳು. ಬೆಳಗಿನ ಹನಿ ಕಣ್ಣಿಗೆ ಬೀಳುವ ಬದಲು ಕೆನ್ನೆಗೆ ಬೀಳುತ್ತದೆಂದು, ಇವಳ ಕೈ ನೆಟ್ಟಗಿಲ್ಲವೆಂದು ಅತ್ತೆಯವರು ದಿನವೂ ಗೊಣಗುತ್ತಿದ್ದರು. ನಾನು ಅದನ್ನು ತಾಯಿ ಮಗಳ ವಿನೋದವೆಂದು ಕೇಳಿಸಿಕೊಂಡೆ. ನನ್ನ ಚಿಂತೆಯೇ ಬೇರೆಯಿತ್ತು. ಹಳೇಬೀಡಿನ ಮನೆಯ ಬಾವಿಯ ಮೋಟಾರು ಗಾಳಿ ಹಿಡಿದರೆ ಕೊಳವೆಗೆ ನೀರು ಹುಯ್ದು ಹೇಗೆ ಎಬ್ಬಿಸಬೇಕೆಂಬುದು ಅವಳಿಗೆ ಗೊತ್ತಿಲ್ಲ. ಅದನ್ನು ಒಂದು ಮಧ್ಯಾಹ್ನ ಕೂತು ವಿವರಿಸತೊಡಗಿದೆ. ಗ್ಯಾಸಿನ ಸಿಲಿಂಡರು ಬದಲಿಸುವ ಕ್ರಮಕ್ಕೆ ಬಂದಾಗ ಅವಳು ನನ್ನನ್ನೇ ದಿಟ್ಟಿಸಿ, ‘ಯಾಕ್ರೀ, ಎಲ್ಲಿಗೆ ಹೊರಟಿದೀರ?’ ಎಂದಳು. ನಾನು ಏನೋ ಹೇಳಿ ನಗಾಡಿದೆ. ಅವಳು ನಗಲಿಲ್ಲ.

ವಾರ ಕಳೆದು ಇಬ್ಬರೂ ಹಳೇಬೀಡಿಗೆ ಬಂದ ಮರುದಿನ ಬೆಳಿಗ್ಗೆ, ಕೊನೆಯ ದರ್ಶನಕ್ಕೆ ಹೊರಟವನಂತೆ, ಯಾಕೋ ಕನ್ನಡಕವನ್ನೂ ಜೇಬಿಗೆ ಹಾಕಿಕೊಂಡು ನನ್ನ ಹಳೆಯ ರಸ್ತೆಗಿಳಿದೆ. ಮೊದಲ ಗುರ್ ಯಾವಾಗಲೂ ಒಂದು ಮೋರಿಯ ಹತ್ತಿರ ಆಗುತ್ತದೆ. ಮೋರಿ ಬಂತು, ಗಡಿಯಾರ ಸುಮ್ಮನಿತ್ತು. ಅಂಕಿ ನೋಡಿದೆ: ಹನ್ನೆರಡು ನಿಮಿಷ. ಅರ್ಥವಾಗಲಿಲ್ಲ. ಗುರ್ ಆದದ್ದು ಮುಂದೆ ಎಷ್ಟೋ ದೂರದ ಹುಣಸೇಮರದ ಬುಡದಲ್ಲಿ, ಹತ್ತೊಂಬತ್ತಕ್ಕೆ. ಮೋರಿಗೆ ನಾನು ಎಂದಿನಂತೆ ಹನ್ನೆರಡಕ್ಕೇ ಬಂದಿದ್ದರೆ ತಡವಾದವನು ನಾನು ಹೇಗಾದೇನು? ಕನ್ನಡಕ ಏರಿಸಿ, ಮರದಡಿ ಕೂತು, ಗುಂಡಿಗಳನ್ನೊತ್ತುತ್ತ ಆ ಯಂತ್ರದ ಗರ್ಭಗುಡಿಯವರೆಗೆ ಹೋದೆ. ಲ್ಯಾಪಿನ ದೂರ ಎಂಬಲ್ಲಿ 1.61 ಎಂದಿತ್ತು.

ಒಂದು ಮೈಲಿ. ನಾನೇ ಹೇಳಿದ್ದು. ನಮ್ಮ ಕಡೆ ಮೈಲಿ ಎನ್ನುವುದು ಅಳತೆಯೇ ಅಲ್ಲ, ದೂರಕ್ಕೆ ಇನ್ನೊಂದು ಹೆಸರು. ಕಿಲೋಮೀಟರು ಕೆತ್ತಿದ ಕಲ್ಲನ್ನೂ ನಾವು ಮೈಲಿಗಲ್ಲೆಂದೇ ಕರೆಯುತ್ತೇವೆ. ಪದಗಳನ್ನು ಪದಗಳಂತೆಯೇ ನಂಬುವ ಆ ಹುಡುಗಿ, ಮೇಷ್ಟರ ಮಾತೆಂದು, ದಶಮಾಂಶದ ಸಮೇತ ಇಟ್ಟಿದ್ದಳು. ಮೈಲಿಯಲ್ಲಿದ್ದ ದೋಷವನ್ನು ನಾನು ಒಂದು ವಾರ ಮೈಯಲ್ಲಿ ಹುಡುಕಿದ್ದೆ. ಸಾಯುತ್ತಿದೆಯೆಂದು ನಾನು ತೀರ್ಮಾನಿಸಿದ್ದ ಹೃದಯ ದಿನಕ್ಕೆ ಆರೂವರೆ ಕಿಲೋಮೀಟರು ನಡೆದು ಬರುತ್ತಿತ್ತು. ಅಂಕಿಯನ್ನು ಒಂದಕ್ಕೆ ಇಳಿಸಿ ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಬಂದು, ಗೇಟಿನಲ್ಲೇ ಸಿಕ್ಕಿದ ಸರೋಜಳಿಗೆ ಈ ಪ್ರಹಸನವನ್ನು ಅಭಿನಯಸಹಿತ ಹೇಳಿದೆ.

ಅವಳು ಕಟ್ಟೆಯ ಮೇಲೆ ಕೂತಳು. ‘ಅಲ್ಲಿ ದಿನಾ ಅರ್ಧ ಗಂಟೆ ತಡವಾಗಿ ಬರ್ತಿದ್ರಿ’ ಎಂದಳು. ‘ಅಮ್ಮನಿಗೆ ಹನಿ ಹಾಕೋ ಹೊತ್ತು ಅದೇ. ಕೈ ನಡುಗೋದು. ಕೇಳಿದ್ರೆ ನೀವು ಹೆದರ್ತೀರ ಅಂತ ಕೇಳಲಿಲ್ಲ.’

ಆಗ ಹೊಳೆಯಿತು, ಅವಳು ಗೇಟಿನಲ್ಲಿ ಸಿಕ್ಕಿದ್ದು ಆಕಸ್ಮಿಕವಲ್ಲ. ಅರಸೀಕೆರೆಯಲ್ಲೂ ಪ್ರತಿದಿನ ಅವಳು ಗೇಟಿನಲ್ಲೇ ಇದ್ದಳು. ನನ್ನ ಮಣಿಕಟ್ಟನ್ನೇ ನೋಡಿಕೊಂಡು ಒಳಗೆ ಬರುತ್ತಿದ್ದ ನಾನು ಅದನ್ನು ಗಮನಿಸಿರಲಿಲ್ಲ. ನನ್ನ ಭಯವನ್ನು ಗುಂಡಿಯೊತ್ತಿ ಸರಿಮಾಡಿಕೊಂಡು ಬಂದಿದ್ದೆ. ಅವಳದು ಆಸ್ಪತ್ರೆಯ ದಿನದಿಂದಲೂ ಹಾಗೇ ಇತ್ತು.

ಈಗ ಮಣಿಕಟ್ಟು ಗುರ್ ಎಂದಾಗಲೆಲ್ಲ ಅವಳಿಗೊಂದು ಮಿಸ್ಡ್ ಕಾಲ್ ಕೊಡುತ್ತೇನೆ. ದಿನಕ್ಕೆ ನಾಲ್ಕು. ಮೊನ್ನೆ ದಾರಿಯಲ್ಲಿ ಹಳೆಯ ಶಿಷ್ಯನೊಬ್ಬ ಮಾತಿಗೆ ನಿಲ್ಲಿಸಿ ಮೂರನೆಯದು ತಡವಾಯಿತು. ಫೋನು ಹೊಡೆದುಕೊಂಡಿತು.

‘ಎಷ್ಟನೇ ಮೈಲೀಲಿ ಇದೀರಿ?’ ಎಂದಳು. ದನಿ ಸಣ್ಣಗಿತ್ತು.

ಕೆಂಪು ಶಾಯಿಯ ಮೇಷ್ಟ್ರು ತಿದ್ದಲಿಲ್ಲ. ‘ಮೂರನೇ ಮೈಲೀಲಿ ಇದೀನಿ ಕಣೇ, ಬತ್ತಾ ಇದೀನಿ’ ಎಂದೆ.