ಹೂಗ್ಯಂ ರಸ್ತೆಯಲ್ಲಿ ಉಳಿದ ಚಪ್ಪಲಿ

ಕೊಳ್ಳೇಗಾಲದ ಆಸ್ಪತ್ರೆಯ ಮುಂದೆ ನನ್ನ ಜೀಪಿನಿಂದ ಇಳಿದ ಅಜ್ಜಿ, ಕಾದ ಟಾರಿನ ಮೇಲೆ ಬರಿಗಾಲು ಊರಲಾಗದೆ ಒಂದೊಂದೇ ಪಾದ ಎತ್ತಿಡುತ್ತಿದ್ದರು.

“ಚಪ್ಪಲಿ ಎಲ್ಲಮ್ಮ?” ಎಂದೆ.

“ಊಗ್ಯಂ ರಸ್ತೇಲೇ ಬುಟ್ಟು ಬಂದೆ ಕಣ್ ಸಾ. ಚಪ್ಪಲಿ ಬುಟ್ಟು ಜೀಪು ಅತ್ತು ಅಂದೋರು ನೀವೇ ಅಲ್ವಾ? ಗುಡಿ ಒಳಕ್ಕೆ ಯಾರಾದ್ರೂ ಚಪ್ಪಲಿ ತಕಂಡೋದಾರಾ?” ಎಂದು ನಕ್ಕರು.

ಹೆರಿಗೆಯಾದ ಮೊಮ್ಮಗಳನ್ನು ನೋಡಲು ಹೊರಟು, ಬಸ್ಸು ತಪ್ಪಿ ಹೂಗ್ಯಂ ರಸ್ತೆಯಲ್ಲಿ ನಿಂತಿದ್ದ ಅವರನ್ನು ಹತ್ತಿಸಿಕೊಳ್ಳುವಾಗ ನಾನು ಹಾಗೆ ಗದರಿದ್ದು ನಿಜ. ನನ್ನದು ಚರ್ಮದ ಸೀಟಿನ, ಹಳೆಯ ವಿದೇಶಿ ಜೀಪು. ಕಾಡುಮೇಡು ಹತ್ತಲೆಂದೇ ಮಾಡಿದ ಗಾಡಿಗೆ ಮಣ್ಣು ಸೋಕಬಾರದೆಂದು, ಕೈಹಿಡಿದ ಹೆಂಡತಿಯನ್ನೂ ಇಷ್ಟು ವರ್ಷ ಬರಿಗಾಲಲ್ಲೇ ಹತ್ತಿಸಿದ ಪಾಪಿ ನಾನು.

ನನ್ನ ಚಪ್ಪಲಿ ಕಳಚಿಕೊಟ್ಟೆ. “ದೋಣಿ ಇದ್ದಂಗವೆ ಸಾ!” ಎನ್ನುತ್ತ ಎಳೆದುಕೊಂಡು ಒಳಗೆ ಹೋದರು. ಸಂಜೆ ಊರಿಗೆ ಬಿಡುವಾಗ ಅವರ ಚಪ್ಪಲಿ ರಸ್ತೆ ಪಕ್ಕದಲ್ಲೇ ಇತ್ತು; ಯಾರೋ ಜೋಡಿಸಿ ಕಲ್ಲಿನ ಮೇಲೆ ಇಟ್ಟಿದ್ದರು.

ಮುಂದೆ ಬಾಣಂತಿಯನ್ನೂ ಮಗುವನ್ನೂ ಕರೆತಂದ ದಿನ ಅಜ್ಜಿ ಚಪ್ಪಲಿ ಮೆಟ್ಟಿಯೇ ಹತ್ತಿದರು. ಜೀಪಿನೊಳಗೆಲ್ಲ ಕೆಮ್ಮಣ್ಣು. ಮನೆಗೆ ಮರಳಿದಾಗ ಪೊರಕೆ ಹಿಡಿದು ಬಂದ ಹೆಂಡತಿಗೆ “ಇರಲಿ ಬಿಡು” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಪೊರಕೆ ಕೆಳಗಿಟ್ಟು, ಚಪ್ಪಲಿ ಕಳಚದೆ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು.